ಕಿಟಕಿ ಕಡೆಯ ಡಬ್ಬಿ

ಆ ಆರೈಕೆ ಮನೆಯಲ್ಲಿದ್ದ ವಯಸ್ಸಾದವರೆಲ್ಲ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತೊಂದಿತ್ತು. "ಇದು ನನ್ನದಲ್ಲ." ಲಿಫ್ಟಿನ ಪಕ್ಕದ ಕೋಣೆಯ ಕ್ಯಾಪ್ಟನ್ ತಾತ ತಮ್ಮ ಚಪ್ಪಲಿ ನೋಡಿ ಹಾಗೆನ್ನುತ್ತಿದ್ದರು. ಅಡುಗೆಮನೆಯ ಎದುರಿನ ಅಜ್ಜಿ ಹೊದಿಕೆ ಮುಟ್ಟಿ ನೋಡಿ ಹಾಗೆನ್ನುತ್ತಿದ್ದರು. ಇನ್ನೊಬ್ಬರಂತೂ ಕನ್ನಡಿಯಲ್ಲಿ ಕಂಡ ಮುಖವೇ ತಮ್ಮದಲ್ಲವೆಂದು ಬೆಳಬೆಳಗ್ಗೆ ಜಗಳ ತೆಗೆಯುತ್ತಿದ್ದರು. ಇದಕ್ಕೆಲ್ಲ ಆಯಾಗಳ ಹತ್ತಿರ ಇದ್ದದ್ದು ಒಂದೇ ಉತ್ತರ: "ನಿಮ್ಮದೇ, ನಿಮ್ಮದೇ." ಎರಡು ಸಲ ಹೇಳಬೇಕು, ಒಂದೇ ರಾಗದಲ್ಲಿ ಹೇಳಬೇಕು, ಹೇಳುವಾಗ ಕೈ ನಿಲ್ಲಬಾರದು. ಕೈ ನಿಲ್ಲಿಸಿ ವಿಚಾರಣೆಗೆ ಕೂತರೆ ಬೆಳಗಿನ ಸ್ನಾನ ಮಧ್ಯಾಹ್ನವಾದರೂ ಮುಗಿಯುವುದಿಲ್ಲ. ಇದು ಕಲ್ಲು ಮನಸ್ಸು ಅನ್ನುವವರು ಒಂದು ವಾರ ಬಂದು ಆ ಕೆಲಸ ಮಾಡಿ ನೋಡಲಿ. ಆಮೇಲೆ ಮಾತಾಡೋಣ.

ಕೆಳಗಿನ ಮಹಡಿಗೆ ಆಯಾಗಳು ಇಬ್ಬರು. ಒಬ್ಬಳು ಉದ್ದ ಆಯಾ, ಇನ್ನೊಬ್ಬಳು ಗಿಡ್ಡ ಆಯಾ. ಹೆಸರು ಹಿಡಿದು ಕರೆಯುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಗಿಡ್ಡ ಆಯಾಳಿಗೆ ಇವತ್ತು ಮಂಡಿನೋವಾದರೆ ನಾಳೆ ನಾದಿನಿಯ ಬಾಣಂತನ, ನಾಡಿದ್ದು ತಲೆಸುತ್ತು. ಅವಳು ಬಾರದ ದಿನ ಅವಳ ಪಾಳಿಯೂ ಉದ್ದ ಆಯಾಳ ತಲೆಗೇ. ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ ಇರುತ್ತಿತ್ತು. ಎಷ್ಟು ಸೋಪು ಹಾಕಿ ತೊಳೆದರೂ ಕೈಯಿಂದ ಫಿನಾಯಿಲ್ ವಾಸನೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಕಂಬ ಹಿಡಿದು ನಿಂತಲ್ಲೇ ನಿದ್ದೆ ಮಾಡುವುದನ್ನೂ ಅವಳು ಕಲಿತಿದ್ದಳು.

ಅವಳ ಪಾಲಿನ ಕೋಣೆಗಳಲ್ಲಿ ಸ್ವಲ್ಪ ಉಸಿರಾಡಿಕೊಳ್ಳಲು ಜಾಗವಿದ್ದದ್ದು ಮೂಲೆಯ ಕೋಣೆಯಲ್ಲಿ. ಅಲ್ಲಿ ಎರಡು ಮಂಚ. ಕಿಟಕಿ ಕಡೆಯದು ರೇಡಿಯೋ ಅಮ್ಮನದು, ಬಾಗಿಲ ಕಡೆಯದು ಮೌನಗೌರಿಯಮ್ಮನದು. ಅಡ್ಡಹೆಸರು ಇಟ್ಟವರು ಯಾರೋ, ತೂಕ ಮಾಡಿಯೇ ಇಟ್ಟಿದ್ದರು. ರೇಡಿಯೋ ಅಮ್ಮ ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರೂರಿಗೆ ಲೈನು ಕೊಟ್ಟವರು, ಮದುವೆ ಆಗಲಿಲ್ಲ, ಮಾತನ್ನೇ ಕಟ್ಟಿಕೊಂಡವರು. ಬೆಳಗ್ಗೆ ಹಲ್ಲುಸೆಟ್ಟು ಬಾಯಿಗೆ ಬಿದ್ದ ಗಳಿಗೆಯಿಂದ ರಾತ್ರಿ ಅದು ಡಬ್ಬಿ ಸೇರುವವರೆಗೂ ಅವರ ಬಾಯಿಗೆ ರಜೆ ಇರಲಿಲ್ಲ. ಮೌನಗೌರಿಯಮ್ಮನೋ, ಕೇಳಿದ್ದಕ್ಕೆ ಹೂಂ ಅಂದರೆ ಹೆಚ್ಚು. ನಕ್ಕಿದ್ದನ್ನು ಕಂಡವರಿಲ್ಲ.

"ನೋಡೇ ಉದ್ದೀ, ಇವಳಿಗೆ ಅಷ್ಟು ಚೆಂದದ ಹಲ್ಲುಸೆಟ್ಟು ದಂಡ. ಬಾಯೇ ಬಿಡದವಳಿಗೆ ಹಲ್ಲು ಯಾಕೆ ಹೇಳು?" ಎಂದು ರೇಡಿಯೋ ಅಮ್ಮ ಕೆಣಕುತ್ತಿದ್ದರು. ಮೌನಗೌರಿಯಮ್ಮ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಆಯಾ ಇಬ್ಬರ ನಡುವೆ ನಿಂತು ಹೊದಿಕೆ ಕೊಡವುತ್ತ ಒಳಗೊಳಗೇ ನಗುತ್ತಿದ್ದಳು. ದಿನದಲ್ಲಿ ಅವಳು ನಗುತ್ತಿದ್ದದ್ದು ಆ ಒಂದೇ ಕೋಣೆಯಲ್ಲಿ.

ಮಂಚಗಳ ನಡುವಿನ ಮೇಜಿನ ಮೇಲೆ ಹಲ್ಲುಸೆಟ್ಟಿನ ಡಬ್ಬಿಗಳು ಎರಡು, ಎರಡೂ ಬಿಳಿ ಪ್ಲಾಸ್ಟಿಕ್ಕು. ಮೊದಲು ಅವುಗಳ ಮೇಲೆ ಹೆಸರು ಬರೆದಿದ್ದರು, ನಿಜ. ದಿನಾ ಬಿಸಿನೀರಿನಲ್ಲಿ ತೊಳೆದು ತೊಳೆದು ಆ ಹೆಸರುಗಳು ಅಳಿಸಿಹೋಗಿದ್ದವು. ಮತ್ತೆ ಬರೆಯಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು, ಅಂದುಕೊಂಡೇ ಇದ್ದರು. ಅಲ್ಲಿಯವರೆಗೆ ಜಾಗದ ಲೆಕ್ಕ: ಕಿಟಕಿ ಕಡೆಯ ಡಬ್ಬಿ ಕಿಟಕಿ ಕಡೆಯ ಮಂಚದವರಿಗೆ, ಬಾಗಿಲ ಕಡೆಯದು ಬಾಗಿಲ ಕಡೆಯವರಿಗೆ. ಕಣ್ಣು ಮುಚ್ಚಿಕೊಂಡು ಮಾಡಬಹುದಾದ ಕೆಲಸ. ಎಷ್ಟೋ ಸಲ ಉದ್ದ ಆಯಾ ಅದನ್ನು ಕಣ್ಣು ಮುಚ್ಚಿಕೊಂಡೇ ಮಾಡಿದ್ದಳು.

ಮೌನಗೌರಿಯಮ್ಮ ತೀರಿಕೊಂಡದ್ದು ಸಂಜೆ ಟೀ ಹೊತ್ತಿಗೆ. ಕೆಲವು ದಿನಗಳಿಂದ ಎದೆಯಲ್ಲಿ ಕಫ ಕಟ್ಟಿ ಮಲಗಿದಲ್ಲೇ ಇದ್ದರು, ಹಲ್ಲುಸೆಟ್ಟು ಡಬ್ಬಿಯಲ್ಲೇ ಇತ್ತು. ರೇಡಿಯೋ ಅಮ್ಮನ ಸೆಟ್ಟೂ ಆಗ ಡಬ್ಬಿಯಲ್ಲಿತ್ತು, ವಸಡಿಗೆ ವಿಶ್ರಾಂತಿ ಬೇಕೆಂದು ಮಧ್ಯಾಹ್ನ ಮಲಗುವಾಗ ತೆಗೆದಿಟ್ಟು ಟೀ ಆದ ಮೇಲೆ ಹಾಕಿಕೊಳ್ಳುತ್ತಿದ್ದರು. ನರ್ಸು ಅವಸರ ಅವಸರವಾಗಿ ರೇಡಿಯೋ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಟಿವಿ ಇದ್ದ ಹಾಲಿಗೆ ತಳ್ಳಿಕೊಂಡು ಹೋದಳು. ಅವರು ಬೊಚ್ಚುಬಾಯಿಗೆ ಕರವಸ್ತ್ರ ಒತ್ತಿಕೊಂಡು ತಿರುತಿರುಗಿ ಬಾಗಿಲ ಕಡೆಯ ಮಂಚವನ್ನೇ ನೋಡುತ್ತ ಹೋದರು.

ಆ ದಿನ ಉದ್ದ ಆಯಾ ಮಧ್ಯಾಹ್ನವೇ ಮನೆಗೆ ಹೋಗಬೇಕಿತ್ತು. ಗಿಡ್ಡ ಆಯಾ ಬಂದಿರಲಿಲ್ಲ. ಹಿಂದಿನ ದಿನವೂ ಬಂದಿರಲಿಲ್ಲ. ಸತ್ತವರ ಮೈ ಒರೆಸಿ, ಬಟ್ಟೆ ಬದಲಿಸಿ, ತಲೆ ಬಾಚುವ ಕೆಲಸ ಇವಳ ಪಾಲಿಗೇ ಬಂತು. ಹಲ್ಲುಸೆಟ್ಟು ಹಾಕುವುದೂ ಅದರಲ್ಲೇ ಸೇರಿತ್ತು. ದವಡೆ ಬಿಗಿಯುವ ಮೊದಲು ಹಾಕಿಬಿಡಬೇಕು, ಇಲ್ಲದಿದ್ದರೆ ಕೆನ್ನೆ ಒಳಗೆ ಬಿದ್ದು ಮುಖ ಗುರುತೇ ಸಿಗುವುದಿಲ್ಲ, ಮನೆಯವರು ನೋಡಿ ಹೆದರುತ್ತಾರೆ. ಅವಳು ಬಾಗಿಲ ಕಡೆಯ ಡಬ್ಬಿ ತೆಗೆದು ಸೆಟ್ಟು ಹಾಕಿದಳು. ಸ್ವಲ್ಪ ಬಿಗಿ ಅನಿಸಿತು. ಹೋದವರ ಬಾಯಿ ಹಾಗೇ ಅಂದುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಅವಳ ಕಣ್ಣು ಎಳೆಯುತ್ತಿತ್ತು. ಅದಕ್ಕೆ ಮೊದಲೇ ಯಾರೋ ಔಷಧಿ ಟ್ರೇ ಇಡಲು ಮೇಜು ಒರೆಸಿ ಡಬ್ಬಿಗಳನ್ನು ಅತ್ತಿತ್ತ ಮಾಡಿಟ್ಟದ್ದು ಅವಳಿಗೆ ಹೇಗೆ ಗೊತ್ತಾಗಬೇಕು?

ಮೌನಗೌರಿಯಮ್ಮನ ಮಗಳು ಓಡೋಡಿ ಬಂದಳು. ತಾಯಿಯ ಮುಖ ನೋಡಿ ನಿಂತೇಬಿಟ್ಟಳು. ತುಟಿ ಸ್ವಲ್ಪ ಅರಳಿತ್ತು, ಹಲ್ಲಿನ ಸಾಲು ಸ್ವಲ್ಪ ಕಾಣುತ್ತಿತ್ತು.

"ಅಮ್ಮ ನಗ್ತಾ ಇದ್ದಾಳೆ," ಅಂದಳು ಮಗಳು. "ನನ್ನ ಮದುವೆ ಫೋಟೋದಲ್ಲೂ ನಕ್ಕಿಲ್ಲ ಆಕೆ. ನೀವು ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಿ ಅಂತ ಇದರಲ್ಲೇ ಗೊತ್ತಾಗುತ್ತೆ."

ಅವಳು ಆಯಾಳ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. ಆಯಾಳಿಗೂ ಕಣ್ಣು ತುಂಬಿತು. ಆ ಕೈಗಳಿಗೆ ಒಳ್ಳೆಯ ಮಾತು ಸಿಕ್ಕಿ ಬಹಳ ಕಾಲವಾಗಿತ್ತು. ಮಾರನೆಯ ದಿನ ಮೌನಗೌರಿಯಮ್ಮನನ್ನು ಮಣ್ಣು ಮಾಡಿದರು.

ಅದೇ ಬೆಳಗ್ಗೆ ಆಯಾ ಮೇಜಿನ ಮೇಲೆ ಉಳಿದಿದ್ದ ಸೆಟ್ಟನ್ನು ತೊಳೆದು ರೇಡಿಯೋ ಅಮ್ಮನ ಬಾಯಿಗೆ ಹಾಕಿದಳು. ಅವರು ದವಡೆಯನ್ನು ಅತ್ತಿತ್ತ ಆಡಿಸಿ, ನಾಲಿಗೆಯಿಂದ ತಡವಿ, ಹುಬ್ಬು ಗಂಟಿಕ್ಕಿದರು.

"ಇದು ನನ್ನ ಹಲ್ಲಲ್ಲ ಕಣೇ."

"ನಿಮ್ಮದೇ, ನಿಮ್ಮದೇ," ಅಂದಳು ಆಯಾ, ದಿಂಬಿನ ಚೀಲ ಬದಲಿಸುತ್ತ.

"ಅಲ್ವೇ, ಸಡಿಲ ಆಗ್ತಾ ಇದೆ. ಲೊಟಲೊಟ ಅನ್ನುತ್ತೆ."

"ರಾತ್ರಿ ಎಲ್ಲ ಅತ್ತಿದ್ದೀರಿ, ಅದಕ್ಕೆ ಹಾಗನಿಸುತ್ತೆ. ಇವತ್ತೊಂದು ದಿನ ಹೋಗಲಿ."

ಒಂದು ದಿನ ಹೋಯಿತು. ಮರುದಿನವೂ ಅದೇ ಮಾತು, ಅದೇ ಉತ್ತರ. ರೇಡಿಯೋ ಅಮ್ಮ ನರ್ಸಿಗೆ ಹೇಳಿದರು, ನರ್ಸು ಭುಜ ತಟ್ಟಿ ಹೋದಳು. ಆ ಮನೆ ನಡೆಸುತ್ತಿದ್ದ ಮೇಡಮ್ಮಿಗೆ ಹೇಳಿದರು. "ಜೊತೆಗಿದ್ದವರು ಹೋದಾಗ ಹೀಗೆಲ್ಲ ಅನಿಸೋದು ಸಹಜ ಅಮ್ಮ," ಎಂದು ಮೇಡಂ ಸಮಾಧಾನ ಹೇಳಿದರು. ವಾರಕ್ಕೊಮ್ಮೆ ಬಿಸ್ಕತ್ತು ಹಿಡಿದುಕೊಂಡು ಬರುವ ತಮ್ಮನಿಗೆ ಹೇಳಿದರು. ಆತನೂ ಮಂಡಿ ಸವೆದ ಮುದುಕನೇ, ಅಕ್ಕನೆಂದರೆ ಜೀವ. "ಅಕ್ಕಾ, ಬೇರೆಯವರ ಹಲ್ಲು ನಿನ್ನ ಬಾಯಿಗೆ ಹೇಗೆ ಬರುತ್ತೆ ಹೇಳು? ಅದೇನು ಹಾರ್ಕೊಂಡು ಬರುತ್ತಾ?" ಎಂದು ನಗಿಸಲು ನೋಡಿದ. ಅಕ್ಕ ನಗಲಿಲ್ಲ.

ಬರಬರುತ್ತ ಹೇಳುವುದನ್ನೇ ನಿಲ್ಲಿಸಿದರು. ಬಾಯಿ ತೆರೆದರೆ ಸೆಟ್ಟು ಜಾರಿ ಬೀಳುತ್ತಿತ್ತು. ಒಮ್ಮೆ ಟಿವಿ ಹಾಲಿನಲ್ಲಿ ಎಲ್ಲರೆದುರು ಟೀ ಲೋಟದೊಳಗೇ ಬಿತ್ತು, ಅಂದಿನಿಂದ ಕರವಸ್ತ್ರ ಬಾಯಿಂದ ಇಳಿಯಲಿಲ್ಲ. ಊಟ ಬಿಟ್ಟರು. ಬ್ರೆಡ್ಡು ಅದ್ದಿ ಕೊಟ್ಟರೂ ಎರಡು ತುತ್ತಿಗೆ ಕೈ ಅಡ್ಡ ಮಾಡುತ್ತಿದ್ದರು. ಬೆರಳಿನ ಉಂಗುರ ಸಡಿಲವಾಗಿ ಸ್ನಾನದ ಬಕೆಟ್ಟಿನಲ್ಲಿ ಸಿಕ್ಕಿತು. ರೇಡಿಯೋ ಆಫ್ ಆಯಿತು ಎಂದು ಹಾಲಿನಲ್ಲಿ ಕೂತವರು ಮಾತಾಡಿಕೊಂಡರು.

ಒಂದು ಮಧ್ಯಾಹ್ನ ಆಯಾ ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ರೇಡಿಯೋ ಅಮ್ಮ ಅವಳ ಮಣಿಕಟ್ಟು ಹಿಡಿದರು.

"ಉದ್ದೀ, ನಿಜ ಹೇಳು. ನನಗೆ ತಲೆ ಕೆಡ್ತಾ ಇದೆಯಾ?"

"ಅಯ್ಯೋ, ಹಾಗೇನಿಲ್ಲಮ್ಮ. ವಯಸ್ಸಾಯ್ತಲ್ಲ."

"ಕಣ್ಣಿಗೆ ಅದು ನನ್ನ ಹಲ್ಲಿನ ಹಾಗೇ ಕಾಣುತ್ತೆ. ಬಾಯಿಗೆ ಹಾಕಿದರೆ ಬೇರೆಯವರದ್ದು ಅನಿಸುತ್ತೆ. ನೀವೆಲ್ಲ ನನ್ನದೇ ಅಂತೀರಿ. ಹಾಗಿದ್ದ ಮೇಲೆ ನನ್ನ ತಲೆಯೇ ಸರಿ ಇಲ್ಲ ಅಂತಾಯ್ತಲ್ಲ." ಅವರು ಮಣಿಕಟ್ಟು ಬಿಡಲಿಲ್ಲ. "ಕಾಲು ಹೋಗಲಿ, ಕಣ್ಣು ಹೋಗಲಿ. ನನ್ನ ಮಾತ್ರ ಮೇಲೆ ಕಳಿಸಬೇಡಿ ಅಂತ ಹೇಳೇ ಅವರಿಗೆ."

ಮೇಲೆ ಅಂದರೆ ಮೇಲಿನ ಮಹಡಿ. ಬುದ್ಧಿ ಸ್ಥಿಮಿತದಲ್ಲಿಲ್ಲ ಎನಿಸಿದವರನ್ನು ಅಲ್ಲಿ ಇಡುತ್ತಿದ್ದರು. ಬಾಗಿಲಿಗೆ ಹೊರಗಿನಿಂದ ಚಿಲಕ, ಕಿಟಕಿಗೆ ಜಾಲರಿ, ಊಟ ರುಬ್ಬಿದ್ದು. ಮೇಲೆ ಹೋದವರು ಮತ್ತೆ ಕೆಳಗಿನ ಹಾಲಿಗೆ ಟೀ ಕುಡಿಯಲು ಬಂದದ್ದನ್ನು ಉದ್ದ ಆಯಾ ಕಂಡಿರಲಿಲ್ಲ. ಡಾಕ್ಟರು ಆ ವಾರ ಬಂದು ನೋಡಿ ಮುಖ ಸಣ್ಣದು ಮಾಡಿಕೊಂಡಿದ್ದರು. ಮುಂದಿನ ಸಲ ಬರುವಷ್ಟರಲ್ಲಿ ಹೀಗೇ ಇದ್ದರೆ ತಮ್ಮನನ್ನೂ ಕೂರಿಸಿಕೊಂಡು ತೀರ್ಮಾನ ಮಾಡೋಣ, ಮೇಲೆ ಒಂದು ಮಂಚ ಖಾಲಿ ಇದೆ ಎಂದು ಹೇಳಿ ಹೋಗಿದ್ದರು.

"ಹೇಳ್ತೀನಮ್ಮ, ಹೇಳ್ತೀನಿ," ಅಂದಳು ಆಯಾ. ಅದೂ ಎರಡು ಸಲ ಹೇಳುವ ಮಾತೇ. ಪಕ್ಕದ ಕೋಣೆಯಿಂದ ಯಾರೋ ಗಂಟೆ ಒತ್ತುತ್ತಿದ್ದರು. ಅವಳು ಎಣ್ಣೆ ಬಟ್ಟಲು ಎತ್ತಿಕೊಂಡು ಹೊರಟಳು.

ಡಾಕ್ಟರು ಬರುವ ಹಿಂದಿನ ದಿನ ಅವಳು ಸೆಟ್ಟನ್ನು ಬೇಸಿನ್ನಿನಲ್ಲಿ ಉಜ್ಜುತ್ತಿದ್ದಳು. ಬೆಳಗಿನ ಬಿಸಿಲು ನೇರವಾಗಿ ನಲ್ಲಿಯ ಮೇಲೆ ಬೀಳುತ್ತಿತ್ತು. ಕೆಳಗಿನ ಸಾಲಿನ ಎಡಗಡೆ, ವಸಡಿನ ಗುಲಾಬಿ ಭಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಕಂಡಿತು. ಅಂಟು ಹಾಕಿ ಕೂಡಿಸಿದ ಗೆರೆ. ಅವಳ ಕೈಯಲ್ಲಿದ್ದ ಬ್ರಷ್ ಅಲ್ಲೇ ನಿಂತಿತು.

ಆ ಗೆರೆ ಅವಳಿಗೆ ಗೊತ್ತಿತ್ತು. ಹೋದ ವರ್ಷ ಇದೇ ಬೇಸಿನ್ನಿನಲ್ಲಿ ಅವಳ ಕೈಜಾರಿ ಬಿದ್ದು ಬಿರುಕು ಬಿಟ್ಟದ್ದು ಮೌನಗೌರಿಯಮ್ಮನ ಸೆಟ್ಟು. ದಂತವೈದ್ಯರು ಅಂಟು ಹಾಕಿ ಕೊಟ್ಟಿದ್ದರು. ಮೌನಗೌರಿಯಮ್ಮ ಒಂದು ಮಾತೂ ಅಂದಿರಲಿಲ್ಲ. ಮೇಡಂ ಮಾತ್ರ ಕರೆದು, ಇನ್ನೊಂದು ಸಲ ಇಂಥದ್ದು ಆದರೆ ಸೀದಾ ಮನೆಗೆ ಎಂದಿದ್ದರು.

ಆಯಾ ನಲ್ಲಿ ನಿಲ್ಲಿಸಿ ಬೇಸಿನ್ನಿನ ಅಂಚು ಹಿಡಿದುಕೊಂಡಳು. ಹಾಗಾದರೆ ಅಂದು ಸಂಜೆ ಹೆಬ್ಬೆರಳಿನಿಂದ ಒತ್ತಿದ್ದು ಯಾವುದು? ಮಗಳು ಕಂಡ ಆ ನಗು ಯಾರದು? ರೇಡಿಯೋ ಅಮ್ಮನ ಹಲ್ಲು ಮಣ್ಣಿನಡಿಯಲ್ಲಿತ್ತು. ರೇಡಿಯೋ ಅಮ್ಮ ಸತ್ತವರ ಹಲ್ಲು ಹಾಕಿಕೊಂಡು ಕೂತು, ತನಗೆ ಹುಚ್ಚು ಹಿಡಿಯಿತೆಂದು ಹೆದರಿ ಸಾಯುತ್ತಿದ್ದರು. ಆಯಾಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಆ ಭಯ ತನಗಾಗಿಯೇ ಎಂಬುದು ಗೊತ್ತಾಗಿ ಇನ್ನಷ್ಟು ನಾಚಿಕೆಯಾಯಿತು.

ಸೆಟ್ಟನ್ನು ಡಬ್ಬಿಗೆ ಹಾಕಿ ಅವಳು ನೇರವಾಗಿ ಮೇಡಮ್ಮಿನ ಕೋಣೆಗೆ ಹೋದಳು. ನಿಂತೇ ಎಲ್ಲ ಹೇಳಿದಳು. ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕೆಟ್ಟವರೇನಲ್ಲ ಆಕೆ. ಗಿಡ್ಡ ಆಯಾ ಬಾರದ ದಿನ ತಾವೇ ಗುಡಿಸಲು ನಿಲ್ಲುವವರು. ಅವರೂ ದಣಿದಿದ್ದರು.

"ಬಾಗಿಲು ಹಾಕು," ಅಂದರು. "ಇನ್ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ ಮೇಡಂ."

"ಹೇಳಬೇಡ. ಆ ಮಗಳಿಗೆ ಗೊತ್ತಾದ್ರೆ ಏನಾಗುತ್ತೆ ಯೋಚನೆ ಮಾಡು. ಕೋರ್ಟು ಕಚೇರಿ ಬಿಡು, ಆ ಹುಡುಗಿಯ ಮನಸ್ಸಿಗೆ ಏನಾಗಬೇಕು? ಸೆಟ್ಟು ಕಳೆದುಹೋಯ್ತು ಅಂದುಬಿಡೋಣ. ರೇಡಿಯೋ ಅಮ್ಮನೇ ಟಿಶ್ಯೂನಲ್ಲಿ ಸುತ್ತಿ ಎಲ್ಲೋ ಬಿಸಾಕಿದ್ದಾರೆ, ಈಗ ಹಾಕಿರೋದು ಸ್ಟೋರಿನಲ್ಲಿದ್ದ ಹಳೇದು ಅಂತ. ಎಲ್ಲರೂ ಬಿಸಾಕ್ತಾರೆ ತಾನೆ. ಹೊಸದು ಮಾಡಿಸೋಣ."

"ಅವರೇ ಬಿಸಾಕಿದ್ರು ಅಂದ್ರೆ ಮೇಲೆ ಕಳಿಸ್ತಾರಲ್ಲ ಮೇಡಂ."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. "ಹೇಗೂ ಹೋಗೋರೇ. ಇವತ್ತಲ್ಲ ನಾಳೆ. ನಿನ್ನ ಮನೆಯನ್ನೂ ನೋಡ್ಕೋ."

ಅಂದು ಬಸ್ಸಿನಲ್ಲಿ ಅವಳಿಗೆ ನಿದ್ದೆ ಬರಲಿಲ್ಲ. ಮನೆಯ ಮೆಟ್ಟಿಲ ಮೇಲೆ ಗಂಡ ಎದುರಾದ. ಅವನು ಗೋದಾಮಿನ ವಾಚ್‌ಮನ್. ಅವಳು ಬರುವ ಹೊತ್ತಿಗೆ ಅವನು ಹೊರಡುತ್ತಿದ್ದ, ಅವರ ಸಂಸಾರವೆಲ್ಲ ಆ ಮೆಟ್ಟಿಲ ಮೇಲೆಯೇ ನಡೆಯುತ್ತಿತ್ತು. ಅವಳು ನಾಲ್ಕು ಮಾತಿನಲ್ಲಿ ಹೇಳಿದಳು.

"ಮೇಡಂ ಹೇಳಿದ ಹಾಗೆ ಕೇಳು ಮಾರಾಯ್ತಿ," ಅಂದ ಅವನು, ಟಾರ್ಚು ಸರಿಪಡಿಸಿಕೊಳ್ಳುತ್ತ. "ಹಲ್ಲು ತಾನೆ. ಯಾರನ್ನೂ ಕೊಂದಿಲ್ಲವಲ್ಲ ನೀನು."

ಒಳಗೆ ಮಗಳು ಸಾರು ಬಿಸಿ ಮಾಡುತ್ತ ಏನೇನೋ ಹೇಳುತ್ತಿದ್ದಳು. ಆಯಾ ಗೋಡೆಗೊರಗಿ ಕೂತು ಪಾದ ಒತ್ತಿಕೊಳ್ಳುತ್ತ ಒಳ್ಳೇದು, ಒಳ್ಳೇದು ಅನ್ನುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಮಗಳು ಸೌಟು ಕೆಳಗಿಟ್ಟಳು.

"ಅಮ್ಮಾ, ನಾನೀಗ ಏನು ಹೇಳ್ದೆ?"

"ಹೇಳಿದೆಯಲ್ಲ, ಒಳ್ಳೇದಾಯ್ತು."

"ಇವತ್ತು ಸ್ಕೂಲಿಗೇ ಹೋಗಲಿಲ್ಲ ಅಂದೆ. ಜ್ವರ ಬಂದಿತ್ತು ಅಂದೆ. ನೀನು ಒಳ್ಳೇದು, ಒಳ್ಳೇದು ಅಂದೆ." ಹುಡುಗಿಗೆ ಸಿಟ್ಟು ಬಂದಿರಲಿಲ್ಲ, ಅದೇ ಕಷ್ಟ. "ಬಿಡಮ್ಮ. ನೀನು ಅಲ್ಲಿ ಅಜ್ಜಿಯರ ಹತ್ತಿರ ಮಾತಾಡೋ ಹಾಗೇ ಮಾತಾಡ್ತೀಯ."

ಆಯಾ ಎದ್ದು ಹೋಗಿ ಮಗಳ ಹಣೆ ಮುಟ್ಟಿ ನೋಡಿದಳು. ಇನ್ನೂ ಸುಡುತ್ತಿತ್ತು.

ಮಾರನೆಯ ದಿನ ಮೂಲೆಯ ಕೋಣೆಯಲ್ಲಿ ಡಾಕ್ಟರು, ಮೇಡಂ, ತಮ್ಮ, ಎಲ್ಲರೂ ಸೇರಿದರು. ಆಯಾ ಗಾಲಿಕುರ್ಚಿ ಹಿಡಿದು ಹಿಂದೆ ನಿಂತಿದ್ದಳು. ಬಾಗಿಲ ಕಡೆಯ ಮಂಚದ ಹಾಸಿಗೆ ಮಡಚಿಟ್ಟಿತ್ತು. ರೇಡಿಯೋ ಅಮ್ಮನಿಗೆ ಅಂದು ಬೆಳಗ್ಗೆ ಸೆಟ್ಟು ಹಾಕುವಾಗ ಆಯಾ ಹೇಳಿಬಿಡಬೇಕೆಂದು ಬಾಯಿ ತೆರೆದವಳು, ಮೇಡಂ ಬಾಗಿಲಲ್ಲಿ ನಿಂತದ್ದು ಕಂಡು ಸುಮ್ಮನಾಗಿದ್ದಳು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. ಇವತ್ತು ಯಾವ ವಾರ ಎಂದು ಕೇಳಿದರು. ರೇಡಿಯೋ ಅಮ್ಮ ಕರವಸ್ತ್ರದೊಳಗಿಂದಲೇ ಸರಿಯಾಗಿ ಹೇಳಿದರು. ತಮ್ಮನ ಹೆಸರು ಕೇಳಿದರು, ಹೇಳಿದರು. ಆದರೆ ಪ್ರತಿ ಉತ್ತರಕ್ಕೂ ಮೊದಲು ತಮ್ಮನ ಮುಖ ನೋಡುತ್ತಿದ್ದರು, ತಪ್ಪು ಹೇಳಿಬಿಡುವೆನೇನೋ ಎಂಬ ಹಾಗೆ. ಊರೂರಿನ ನಂಬರು ಬಾಯಲ್ಲೇ ಇಟ್ಟುಕೊಂಡು ಬದುಕಿದ್ದ ಹೆಂಗಸು.

ಮೇಡಂ ಗಂಟಲು ಸರಿಮಾಡಿಕೊಂಡರು. "ಡಾಕ್ಟ್ರೇ, ಇವರದ್ದು ಮೊದಲಿನ ಸೆಟ್ಟು ಸಿಗ್ತಾ ಇಲ್ಲ. ಎಲ್ಲೋ ಸುತ್ತಿ ಬಿಸಾಕಿರಬೇಕು..."

"ಹೌದಾ ಅಮ್ಮ?" ಡಾಕ್ಟರು ಬಗ್ಗಿದರು. "ಈಗ ಬಾಯಲ್ಲಿ ಇರೋ ಹಲ್ಲು ಯಾರದು?"

ರೇಡಿಯೋ ಅಮ್ಮ ಕತ್ತು ತಿರುಗಿಸಿ ಆಯಾಳ ಕಡೆ ನೋಡಿದರು. ಕಣ್ಣಲ್ಲಿ ನೀರು ನಿಂತಿತ್ತು. ಏನು ಹೇಳಿದರೆ ಇವರು ನನ್ನನ್ನು ಕೆಳಗೇ ಇರಲು ಬಿಡುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದ ಕಣ್ಣು. ಆಮೇಲೆ ಡಾಕ್ಟರ ಕಡೆ ತಿರುಗಿ, ಆಯಾ ದಿನಾ ಹೇಳುತ್ತಿದ್ದ ಅದೇ ರಾಗದಲ್ಲಿ ಹೇಳಿದರು.

"ನನ್ನದೇ. ನನ್ನದೇ."

ಆಯಾಳಿಗೆ ಅದನ್ನು ಕೇಳಿ ತಡೆಯಲಾಗಲಿಲ್ಲ. ಮನೆ, ಮಗಳು, ಮೇಡಂ ಎಲ್ಲ ಆ ಗಳಿಗೆ ಮರೆತುಹೋದವು.

"ಅಲ್ಲ ಡಾಕ್ಟ್ರೇ," ಅಂದಳು. ತನ್ನ ದನಿ ತನಗೇ ದೊಡ್ಡದೆನಿಸಿತು. "ಅದು ಅವರದಲ್ಲ. ಅವರು ಮೊದಲನೇ ದಿನದಿಂದ ನಿಜಾನೇ ಹೇಳ್ತಾ ಇದ್ರು. ಬಿಸಾಕಿದ್ದು ಅವರಲ್ಲ. ತಪ್ಪು ನನ್ನದು. ತೀರಿಕೊಂಡ ಅಮ್ಮನಿಗೆ ಇವರ ಹಲ್ಲು ಹಾಕಿಬಿಟ್ಟೆ. ಇವರ ಬಾಯಲ್ಲಿರೋದು ಆ ಅಮ್ಮನದು."

ಮೇಡಂ ಕಣ್ಣು ಮುಚ್ಚಿಕೊಂಡರು. ರೇಡಿಯೋ ಅಮ್ಮ ನಿಧಾನವಾಗಿ ಎರಡು ಬೆರಳು ಬಾಯೊಳಗಿಟ್ಟು ಸೆಟ್ಟು ಹೊರಗೆ ತೆಗೆದರು, ಮೊದಲು ಮೇಲಿನದು, ಆಮೇಲೆ ಕೆಳಗಿನದು. ಕರವಸ್ತ್ರದ ಮೇಲೆ ಇಟ್ಟು ನೋಡುತ್ತ ಕೂತರು.

"ಹಾಗಾದರೆ ನನಗೆ ತಲೆ ಕೆಟ್ಟಿಲ್ಲ," ಅಂದರು.

"ಇಲ್ಲಮ್ಮ," ಅಂದಳು ಆಯಾ.

"ಸರಿಯಾಗೇ ಇದ್ದೀನಿ."

"ಸರಿಯಾಗೇ ಇದ್ದೀರಿ."

ಅವರು ಅತ್ತರು. ಬೊಚ್ಚುಬಾಯಿ ತೆರೆದು, ಕರವಸ್ತ್ರ ಅಡ್ಡ ಹಿಡಿಯದೆ, ಎಳೆ ಮಗುವಿನ ಹಾಗೆ ಅತ್ತರು. ತಮ್ಮ ಎದ್ದು ಬಂದು ಅಕ್ಕನ ತಲೆಯನ್ನು ಹೊಟ್ಟೆಗೊತ್ತಿಕೊಂಡ. ಆತನೂ ಅಳುತ್ತಿದ್ದ, ಅಳುತ್ತಲೇ ಕೂಗಾಡಿದ. ಸತ್ತವರ ಹಲ್ಲು ತನ್ನ ಅಕ್ಕನ ಬಾಯಿಗೆ ಹಾಕಿದಿರಾ, ಇದನ್ನು ಸುಮ್ಮನೆ ಬಿಡುವುದಿಲ್ಲ, ತೀರಿಕೊಂಡವರ ಮನೆಯವರಿಗೂ ಇವತ್ತೇ ತಿಳಿಸುತ್ತೇನೆ ಎಂದ. ಡಾಕ್ಟರು ಟಾರ್ಚು ಹಾಕಿ ಬಾಯಿ ನೋಡಿದರು. ವಸಡಿನ ತುಂಬ ಹುಣ್ಣು. ಮೇಲಿನ ಮಂಚದ ಮಾತು ಆಮೇಲೆ ಯಾರೂ ಎತ್ತಲಿಲ್ಲ.

"ನನ್ನ ಹಲ್ಲು ಅವಳ ಜೊತೆ ಹೋಯ್ತಾ?" ರೇಡಿಯೋ ಅಮ್ಮ ಕಣ್ಣೊರೆಸಿಕೊಂಡು ಕೇಳಿದರು. ಹಲ್ಲಿಲ್ಲದೆ ಮಾತು ತೊದಲುತ್ತಿತ್ತು, ಆದರೂ ಮಾತು ಬಂದಿತ್ತು.

"ಹೂಂ ಅಮ್ಮ. ಅದಕ್ಕೇ ನಕ್ಕ ಹಾಗೆ ಕಾಣ್ತಿದ್ರು. ಅವರ ಮಗಳಿಗೆ ಅದೇ ಒಂದು ಸಮಾಧಾನ ಆಗಿತ್ತು."

ರೇಡಿಯೋ ಅಮ್ಮ ಮಡಚಿಟ್ಟ ಹಾಸಿಗೆಯ ಕಡೆ ನೋಡಿದರು. "ಬದುಕಿದ್ದಾಗ ಬಾಯಿ ಬಿಡ್ಲಿಲ್ಲ ಕಳ್ಳಿ. ಈಗ ನನ್ನ ಹಲ್ಲು ಹಾಕ್ಕೊಂಡು ಎಷ್ಟು ಮಾತಾಡ್ತಾ ಇದ್ದಾಳೋ." ಸ್ವಲ್ಪ ಹೊತ್ತಿನ ಮೇಲೆ ತಮ್ಮನ ತೋಳು ಹಿಡಿದು ಕೂರಿಸಿದರು. "ಆ ಮಗಳಿಗೆ ಯಾರೂ ಏನೂ ಹೇಳಕೂಡದು. ಅವಳಮ್ಮ ನಕ್ಕೊಂಡೇ ಹೋದಳು ಅಂತ ಅಂದ್ಕೊಂಡಿರಲಿ. ಹಲ್ಲು ನನ್ನದು. ಹೋದದ್ದು ನನ್ನದು. ನಾನು ಹೇಳೋದನ್ನ ಈಗಲಾದ್ರೂ ಕೇಳ್ತೀರಾ ಇಲ್ವಾ?"

ತಮ್ಮ ತಲೆಯಾಡಿಸಿದ. ಡಾಕ್ಟರೂ ತಲೆಯಾಡಿಸಿದರು.

ಕಾರಿಡಾರಿನಲ್ಲಿ ಮೇಡಂ ಆಯಾಳ ಮುಖ ನೋಡದೆ ಹೇಳಿದರು. "ಒಮ್ಮೆ ಹೇಳಿದ್ದೆ ನಿನಗೆ. ಇದು ಮುಚ್ಚಿಡೋಕಾಗಲ್ಲ, ಆಡಳಿತದವರಿಗೆ ಹೇಳಲೇಬೇಕು. ನಾಳೆಯಿಂದ ಬರಬೇಡ. ಇವತ್ತಿನ ಪಾಳಿ ಮುಗಿಸು, ಗಿಡ್ಡಿ ಇವತ್ತೂ ಬಂದಿಲ್ಲ." ಆಮೇಲೆ, ಬಹಳ ಸಣ್ಣ ದನಿಯಲ್ಲಿ, "ಅವರೇ ಬಿಸಾಕಿದ್ರು ಅಂತ ನಾನು ಹೇಳಬಾರದಿತ್ತು," ಅಂದರು. ಆಯಾ ಸರಿ ಮೇಡಂ ಅಂದಳು. ಸಿಟ್ಟು ಮಾಡಿಕೊಳ್ಳಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಸಂಜೆ ಅವಳು ತೆಳ್ಳಗೆ ಮಾಡಿದ ಗಂಜಿ ತಂದು ರೇಡಿಯೋ ಅಮ್ಮನಿಗೆ ತಿನ್ನಿಸಿದಳು. ಬಟ್ಟಲು ಖಾಲಿಯಾಯಿತು. ಇನ್ನೂ ಸ್ವಲ್ಪ ಬೇಕೆಂದರು, ಮತ್ತೆ ತಂದಳು. ಉದ್ದಕ್ಕೂ ಅವರು ಅವಳ ಜೊತೆ ಮಾತಾಡಲಿಲ್ಲ. ಅವಳು ಬಾಯಿ ಒರೆಸಿ ಏಳುವಾಗ ಕೇಳಿದರು.

"ಎಷ್ಟು ಸಲ ಹೇಳಿದೆ ನಾನು ನಿನಗೆ?"

ಆಯಾ ಬಟ್ಟಲು ಕೆಳಗಿಟ್ಟು ಮತ್ತೆ ಕೂತಳು.

"ಹಲ್ಲು ಅದಲುಬದಲಾಗಿದ್ದು ಬಿಡು, ದಣಿದ ಕೈ, ಆಗುತ್ತೆ. ಉಳಿದವರು ಕೇಳಲಿಲ್ಲ ಅಂದ್ರೆ ಅದೂ ಬಿಡು. ನೀನು ಕೇಳಲಿಲ್ಲವಲ್ಲೇ ಉದ್ದೀ. ನೀನು ಹೇಳ್ತೀಯ ಅಂತಲೇ ನಾನು ನಂಬಿದ್ದು, ಅದು ನನ್ನದೇ ಅಂತ."

"ತಪ್ಪಾಯ್ತಮ್ಮ."

"ಆಯ್ತು. ಅಷ್ಟಕ್ಕೆಲ್ಲ ಕ್ಷಮಿಸೋಕೆ ನನಗಾಗಲ್ಲ ಈಗ." ಅವರು ಕಿಟಕಿ ಕಡೆ ತಿರುಗಿದರು, ಮತ್ತೆ ಇತ್ತ ತಿರುಗಿದರು. "ಹೊಸ ಸೆಟ್ಟು ಬರಲಿ. ಈ ಬೊಚ್ಚುಬಾಯಲ್ಲಿ ಬೈದ್ರೆ ಬೈಗುಳಕ್ಕೆ ಮರ್ಯಾದೆ ಇರಲ್ಲ. ಹಲ್ಲು ಬಂದ ಮೇಲೆ ಬಾಯ್ತುಂಬ ಬೈತೀನಿ. ಕೆಲಸ ಇರಲಿ ಬಿಡಲಿ, ಬಂದು ಬೈಸ್ಕೊಂಡು ಹೋಗು."

"ಬರ್ತೀನಮ್ಮ," ಅಂದಳು ಆಯಾ. ಈ ಸಲ ಒಂದೇ ಸಲ ಹೇಳಿದಳು.

ಚೀಲ ಹೆಗಲಿಗೆ ಹಾಕಿಕೊಂಡು ಲಿಫ್ಟಿನ ಮುಂದೆ ಹಾದುಹೋಗುವಾಗ ಕ್ಯಾಪ್ಟನ್ ತಾತ ತಮ್ಮ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಏಯ್ ಹುಡುಗಿ, ಈ ಚಪ್ಪಲಿ ನನ್ನದಲ್ಲ," ಅಂದರು.

ಉತ್ತರ ಅವಳ ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಅವಳು ಅದನ್ನು ನುಂಗಿಕೊಂಡಳು. ಬಸ್ಸಿನ ಹೊತ್ತಾಗಿತ್ತು, ಮನೆಯಲ್ಲಿ ಮಗಳಿಗೆ ಜ್ವರ ಬಿಟ್ಟಿತ್ತೋ ಇಲ್ಲವೋ, ನಾಳೆಯ ಗತಿ ಏನೋ. ಚೀಲ ಕೆಳಗಿಟ್ಟು ನೆಲದ ಮೇಲೆ ಕೂತು, ತಾತನ ಕಾಲಿನಿಂದ ಚಪ್ಪಲಿ ಎರಡನ್ನೂ ಬಿಚ್ಚಿ, ಬೆಳಕಿಗೆ ಹಿಡಿದು, ತಿರುಗಿಸಿ, ಅಡಿಯಲ್ಲಿ ಹೊಲಿದಿದ್ದ ಹೆಸರಿನ ಗುರುತು ಹುಡುಕಿದಳು. ಚಪ್ಪಲಿ ಅವರದೇ ಆಗಿತ್ತು.

"ನೋಡಿದೆ ತಾತ," ಅಂದಳು. "ನಿಮ್ಮದೇ."

ತಾತ ಅವಳನ್ನು ಸ್ವಲ್ಪ ಹೊತ್ತು ನೋಡಿ, ಸರಿ ಎಂದು ಕಾಲು ಮುಂದೆ ಚಾಚಿದರು.